ಚಿಗರಿಗೆ ಅಲ್ಲಾಡಬ್ಯಾಡ್ರಿ ಅಂದ ಕಾಕಾ

ನನ್ನ ಹೊಲಿಗೆ ಡಬ್ಬಿಯೊಳಗೆ ಒಂದು ಕರಿಯ ಮುಚ್ಚಳವಿದೆ. ಅಂಗೈ ನಡುವೆ ಕೂರುವಷ್ಟು ದುಂಡಗೆ. ಅಂಚಿನ ಬಣ್ಣ ಸವೆದು ತಗಡು ಇಣುಕುತ್ತಿದೆ, ಒಳಮೈಗೆ ಒಂದು ಕಾಲದಲ್ಲಿ ಕೆಂಪಾಗಿದ್ದ ಮಖಮಲ್ಲಿನ ಪಟ್ಟಿ ಅಂಟಿಸಿದೆ. ಅದನ್ನು ಅಂಗಾತ ಇಟ್ಟು ಬಿಡಿ ಗುಂಡಿಗಳನ್ನು ಹಾಕಿಕೊಂಡಿದ್ದೇನೆ. ನಾನು ಹೊಲಿಗೆ ಬಲ್ಲವಳೇನೂ ಅಲ್ಲ. ನಾನು ಹಚ್ಚಿದ ಗುಂಡಿ ಒಂದು ಒಗೆತಕ್ಕೆ ತಡೆದರೆ ಮನೆಯವರು ಅದನ್ನು ಪವಾಡವೆಂದು ಸಾರುತ್ತಾರೆ. ನಿನ್ನೆಯೂ ಹಾಗೇ ಒಂದು ಅಂಗಿ ಹಿಡಿದು ಕುಳಿತಿದ್ದೆ. ಗುಂಡಿ ಹುಡುಕಲು ಮುಚ್ಚಳ ಎತ್ತಿಕೊಂಡೆ. ಬೆರಳು ಆ ಮಖಮಲ್ಲಿಗೆ ತಾಗಿತು. ಅಷ್ಟೇ, ಅಂಗಿ ಒಂದು ಕಡೆ, ಸೂಜಿ ಒಂದು ಕಡೆ, ನಾನು ಮುಡಬಿಯ ಆಚೆಯ ಒಂದು ಕೆರೆಯ ದಂಡೆಯಲ್ಲಿ.

ಇದು ನಮ್ಮ ಕಾಕಾನ ಕ್ಯಾಮೆರಾದ ಮುಚ್ಚಳ. ಕಾಕಾ ಎಂದರೆ ಅಪ್ಪನ ತಮ್ಮ, ಮಾಣಿಕಪ್ಪ. ಹುಮನಾಬಾದಿನ ಬಜಾರಿನಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಒಂದನೇ ತರಗತಿಗೆ ಸೇರಿದೆ. ಎರಡರಲ್ಲಿ ಯಾವುದು ದೊಡ್ಡ ಸಂಗತಿ ಎಂದು ಆಗ ನನ್ನನ್ನು ಕೇಳಿದ್ದರೆ ಎರಡನೆಯದು ಎನ್ನುತ್ತಿದ್ದೆ. ಸ್ಟುಡಿಯೋದ ಬೋರ್ಡಿನ ಮೇಲೆ ಅಲ್ಲಿಯತನಕ ಉರ್ದು ಒಂದೇ ಇತ್ತು. ಆ ವರ್ಷ ಕೆಳಗೆ ಕನ್ನಡವೂ ಬಂತು. ಬರೆದವನು ಜಾಗದ ಅಂದಾಜು ತಪ್ಪಿದ್ದರಿಂದ ಕೊನೆಯ ಅಕ್ಷರಗಳು ನಮ್ಮ ಬಸ್ಸಿನ ಮಂದಿಯ ಹಾಗೆ ಒಂದರ ತೊಡೆಯ ಮೇಲೊಂದು ಹತ್ತಿ ಕುಳಿತಿದ್ದವು. ನಮ್ಮ ಹಳ್ಳಿಯಲ್ಲಿ ಶಾಲೆ ಇಲ್ಲವೆಂದು ಅಪ್ಪ ನನ್ನನ್ನು ಕಾಕಾ ಕಾಕಿಯ ಹತ್ತಿರ ಬಿಟ್ಟಿದ್ದ. ಅವರಿಗೆ ಮಕ್ಕಳಿರಲಿಲ್ಲ. ಸ್ಟುಡಿಯೋದ ಹಿಂದಿನ ಎರಡು ಖೋಲಿಯ ಸಂಸ್ಥಾನಕ್ಕೆ ನಾನೊಬ್ಬಳೇ ರಾಜಕುಮಾರಿ.

ಕಾಕಾನ ಬಾಯಲ್ಲಿ ಒಂದು ಮಂತ್ರವಿತ್ತು. ‘ಇಲ್ಲಿ ನೋಡ್ರಿ, ಉಸಿರು ಹಿಡೀರಿ, ಅಲ್ಲಾಡಬ್ಯಾಡ್ರಿ.’ ಆಗಿನ ದೊಡ್ಡ ಕ್ಯಾಮೆರಾಕ್ಕೆ ಗುಂಡಿ ಒತ್ತುವ ಸೌಕರ್ಯ ಇರಲಿಲ್ಲ. ಅದರ ಕಣ್ಣಿನ ಮುಚ್ಚಳ ತೆಗೆಯಬೇಕು, ಮನಸ್ಸಿನಲ್ಲೇ ಎಣಿಸಬೇಕು, ಟಪ್ಪೆಂದು ಮುಚ್ಚಬೇಕು. ಮುಚ್ಚಳ ಮುಚ್ಚಿದರೆ ಕೆಲಸ ಮುಗಿಯಿತು. ಆ ನಡುವಿನ ಹೊತ್ತಿನಲ್ಲಿ ಯಾರಾದರೂ ಅಲ್ಲಾಡಿದರೆ ಒಂದು ಮೂಗಿನ ಜಾಗದಲ್ಲಿ ಎರಡು. ಅದಕ್ಕೇ ಆ ಮಂತ್ರ. ಕಾಕಾ ಅದನ್ನು ತಾಲ್ಲೂಕಿನ ಸಾಹೇಬರಿಗೂ ಹೇಳುತ್ತಿದ್ದ, ಹಾಲುಗೂಸಿಗೂ ಅದೇ ಮರ್ಯಾದೆಯಲ್ಲಿ ಹೇಳುತ್ತಿದ್ದ. ಒಮ್ಮೆ ಬಹುಮಾನದ ಹೋರಿಯೊಂದಕ್ಕೆ ಹೇಳಿದ. ಹೋರಿ ಕೇಳಿತು ಕೂಡ. ನಮ್ಮ ಕಡೆ ದೊಡ್ಡವರು ತೀರಿಕೊಂಡರೆ ಗದ್ದಿಗೆಯ ಮೇಲೆ ಕೂರಿಸಿ, ಹೂಮಾಲೆ ಹಾಕಿ, ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ತೆಗೆಸುವ ವಾಡಿಕೆ. ಎಷ್ಟೋ ಮನೆಗಳಲ್ಲಿ ಹಿರಿಯರ ಒಂದೇ ಒಂದು ಫೋಟೋ ಅದು. ಒಬ್ಬ ಗೌಡರು ತೀರಿಕೊಂಡಾಗ ಕಾಕಾ ಕರಿ ಬಟ್ಟೆಯೊಳಗೆ ತಲೆ ಹಾಕಿ, ಕೈ ಎತ್ತಿ, ಆ ಗೌಡರಿಗೂ ಅಷ್ಟೇ ಗಂಭೀರವಾಗಿ ಅಲ್ಲಾಡಬ್ಯಾಡ್ರಿ ಅಂದುಬಿಟ್ಟ. ಅಳುತ್ತಿದ್ದ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡರು. ಯಾರು ದುಃಖಕ್ಕೆ, ಯಾರು ನಗೆಗೆ ಎಂದು ಹೇಳುವುದು ಕಷ್ಟವಿತ್ತಂತೆ.

ಸ್ಟುಡಿಯೋದ ಹಿಂಗೋಡೆಗೆ ಒಂದು ಪರದೆ ತೂಗುಬಿಟ್ಟಿದ್ದರು. ಅದರ ಮೇಲೆ ಸಮುದ್ರ. ಹೈದರಾಬಾದಿನಿಂದ ಬಂದ ಪೇಂಟರನೊಬ್ಬ ಬರೆದದ್ದು. ಅವನೂ ಸಮುದ್ರ ನೋಡಿರಲಿಲ್ಲ, ಬರೆಸಿದ ಕಾಕಾನೂ ನೋಡಿರಲಿಲ್ಲ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಹುಮನಾಬಾದಿನ ಮಂದಿಯೂ ನೋಡಿರಲಿಲ್ಲ. ಹಾಗಾಗಿ ಯಾರಿಗೂ ತಕರಾರಿರಲಿಲ್ಲ. ನೀಲಿ ನೀರು, ಅದರ ಮೇಲೆ ಬಿಳಿಯ ನೊರೆ, ದಂಡೆಗೆ ಎರಡು ತೆಂಗಿನ ಮರ, ಮರದ ಬುಡದಲ್ಲಿ ನೀರು ಕುಡಿಯಲು ಬಂದ ಜಿಂಕೆಗಳು. ಸಮುದ್ರದ ನೀರು ಉಪ್ಪು, ಜಿಂಕೆ ಕುಡಿಯುವುದಿಲ್ಲ ಎಂದು ನಾನು ಭೂಗೋಳದ ಪುಸ್ತಕ ಓದಿದ ಮೇಲೆ ಹೇಳಿದೆ. ನಮ್ಮ ಸಮುದ್ರದ್ದು ಸಿಹಿನೀರು ಎಂದು ಕಾಕಾ ಮಾತು ಮುಗಿಸಿದ.

ನನಗಂತೂ ಬಹಳ ವರ್ಷ ಆ ಪರದೆಯ ಆಚೆ ನಿಜವಾದ ಸಮುದ್ರವಿದೆ ಎಂದೇ ಇತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಹೋಗಿ ಪರದೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಹಿಂದಿನ ಓಣಿಯಲ್ಲಿ ಯಾರೋ ಕೊಡ ಬರಿದು ಮಾಡಿದರೆ ಅಲೆ ಬಂತು ಎಂದುಕೊಳ್ಳುತ್ತಿದ್ದೆ. ನನ್ನ ಮೊದಲ ಫೋಟೋ ಈಗಲೂ ಇದೆ. ಅದರಲ್ಲಿ ನಾನು ಹೊಸ ಲಂಗವನ್ನು ಎರಡೂ ಕೈಯಲ್ಲಿ ಮೊಣಕಾಲತನಕ ಎತ್ತಿ ಹಿಡಿದಿದ್ದೇನೆ. ತೋಯ್ದರೆ ಕಾಕಿ ಬೈಯುತ್ತಾಳೆ ಎಂಬ ಹೆದರಿಕೆ ಮುಖದ ಮೇಲೆ ಚೆಂದಾಗಿ ಮೂಡಿದೆ.

ಪರದೆಯನ್ನು ಕಂಡರಾಗದವಳು ಒಬ್ಬಳೇ, ನೀಲಮ್ಮ ಕಾಕಿ. ಅವಳ ಸಿಟ್ಟು ಸಮುದ್ರದ ಮೇಲಲ್ಲ, ಜಿಂಕೆಗಳ ಮೇಲೆ.

“ಇವು ಚಿಗರಿ ಅಲ್ಲ,” ಎನ್ನುತ್ತಿದ್ದಳು. “ಹುಳುಕಡ್ಡಿ ಆದ ಆಡು ಇದ್ದಾಂಗ ಅವ.”

ಕಾಕಿಗೆ ಚಿಗರಿ ಗೊತ್ತಿತ್ತು. ಅವಳ ತವರು ಬಸವಕಲ್ಯಾಣದ ಕಡೆ, ಮುಡಬಿಯಿಂದ ಬಂಡಿ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ. ಹಳ್ಳಿಯ ಬೆನ್ನಿಗೆ ಕೆರೆ, ಕೆರೆಯ ಆಚೆ ಉಳುಮೆ ಕಾಣದ ಹುಲ್ಲಿನ ದಿಬ್ಬ, ಮಡ್ಡಿ. ಮಡ್ಡಿಯ ತುಂಬ ಚಿಗರಿಗಳು. ಹೆಣ್ಣು ಮತ್ತು ಮರಿಗಳು ಒಣಹುಲ್ಲಿನ ಬಣ್ಣ. ಗಂಡು ಬಲಿತಂತೆ ಕಪ್ಪಾಗುತ್ತದೆ, ಹೊಟ್ಟೆ ಮಾತ್ರ ಬೆಳ್ಳಗೆ, ತಲೆಯ ಮೇಲೆ ಹಿಂಡಿದ ಸೀರೆಯಂತೆ ತಿರುವಿದ ಎರಡು ಉದ್ದನೆಯ ಕೋಡು. ಬೆಳಗಿನ ಜಾವ ಅವು ಸಾಲುಹಿಡಿದು ನೀರಿಗೆ ಬರುತ್ತವೆ. ಕಾಕಿ ಬೆಳೆದದ್ದು ಅವನ್ನು ನೋಡುತ್ತಾ. ಕೊಡ ತುಂಬಲು ಹೋದವಳು ಒಂದು ದಂಡೆಯಲ್ಲಿ, ಅವು ಇನ್ನೊಂದು ದಂಡೆಯಲ್ಲಿ.

ಆ ಕೆರೆಗೆ ಊರವರು ಹಾಕಿಕೊಂಡ ಒಂದು ಕಟ್ಟು, ಒಂದು ನೇಮ ಇತ್ತು. ಚಿಗರಿ ಹೊಲಕ್ಕೆ ಬಿದ್ದರೆ ಕವಣೆ ಬೀಸಿ, ಡಬ್ಬಿ ಬಡಿದು, ಹಿಂಡನ್ನೇ ಅಟ್ಟುತ್ತಿದ್ದರು. ಆದರೆ ನೀರಿಗೆ ಬಂದ ಪ್ರಾಣಿಯ ಮೇಲೆ ಯಾರೂ ಕಲ್ಲೆತ್ತಬಾರದು, ದನಿಯನ್ನೂ ಎತ್ತಬಾರದು. ಎತ್ತಿದವನು ಊರ ಮುಂದೆ ಹಸಿ ಮೇವಿನ ಹೊರೆ ಹೊತ್ತು ಹೋಗಿ ದಂಡೆಗೆ ಹಾಕಿ ಬರಬೇಕು. ಕಾಕಿಯ ಅಣ್ಣ ಸಿದ್ರಾಮ ಮಾಮಾ ಈ ಕಟ್ಟಿನ ದೊಡ್ಡ ಕಾವಲುಗಾರ. ಹೊಲಕ್ಕೆ ಬಂದರೆ ದುಶ್ಮನ್, ನೀರಿಗೆ ಬಂದರೆ ಬೀಗರು, ಎನ್ನುತ್ತಿದ್ದ. ಅವನ ಜೋಳದ ಹೊಲವನ್ನು ನೆಲಮಟ್ಟ ಮಾಡಿದ ಹಿಂಡೇ ಮಾರನೆಯ ಬೆಳಿಗ್ಗೆ ನೀರು ಕುಡಿಯುತ್ತಿದ್ದರೆ, ಕೆರೆಯ ಏರಿಯ ಮೇಲೆ ಹಲ್ಲು ಕಚ್ಚಿಕೊಂಡು, ಸದ್ದಿಲ್ಲದೆ ನಿಂತಿರುತ್ತಿದ್ದ.

ಮದುವೆಯಾದ ಹೊಸತರಲ್ಲಿ ಕಾಕಿ ಗಂಡನನ್ನು ಆ ಕೆರೆಗೆ ಕರೆದೊಯ್ದು ತೋರಿಸಿದಳು. ಕಾಕಾ ಕಣ್ತುಂಬ ನೋಡಿದನಂತೆ. ಬರುವಾಗ ದಾರಿಯಲ್ಲಿ ಒಂದು ಮಾತು ಕೊಟ್ಟ. ಈ ಚಿಗರಿಗಳನ್ನು ಹುಮನಾಬಾದಿಗೆ ತರುತ್ತೇನೆ, ಆ ಹುಳುಕಡ್ಡಿ ಆಡುಗಳನ್ನು ಅಳಿಸಿ ಪರದೆಯ ಮೇಲೆ ಇವನ್ನೇ ಬರೆಸುತ್ತೇನೆ, ನೀನು ದಿನಾ ಬೆಳಿಗ್ಗೆ ಎದ್ದು ನೋಡು, ಎಂದು. ಪೇಂಟರನಿಗೆ ತೋರಿಸಲು ಒಂದು ಸರಿಯಾದ ಫೋಟೋ ಸಿಕ್ಕರೆ ಸಾಕಿತ್ತು. ಹೈದರಾಬಾದಿಗೆ ಹೋಗಿ, ಯಾವುದೋ ಜಹಗೀರದಾರರ ಮನೆಯಿಂದ ಮಾರಾಟಕ್ಕೆ ಬಂದ ಉದ್ದ ಮೂತಿಯ ಕ್ಯಾಮೆರಾವೊಂದನ್ನು ತಂದ. ನನ್ನ ಗುಂಡಿಗಳನ್ನು ಹೊತ್ತುಕೊಂಡಿರುವ ಮುಚ್ಚಳ ಅದರದ್ದೇ. ಆ ಕ್ಯಾಮೆರಾಕ್ಕೆ ಗುಂಡಿ ಇತ್ತು. ಒತ್ತಿದರೆ ಕಟಕ್ ಅನ್ನುತ್ತಿತ್ತು. ಮುಚ್ಚಳ ತೆಗೆದು ಎಣಿಸುವ ಕಾಟ ಇರಲಿಲ್ಲ, ಯಾರಿಗೂ ಉಸಿರು ಹಿಡಿಯಲು ಹೇಳಬೇಕಾಗಿಯೂ ಇರಲಿಲ್ಲ.

ಆದರೆ ಇದನ್ನು ಕಾಕಾನ ಬಾಯಿಗೆ ಯಾರು ತಿಳಿಸಿ ಹೇಳಬೇಕು?

ಪ್ರತಿ ಚಳಿಗಾಲ ಎಳ್ಳ ಅಮಾಸಿಗೆ ನಾವು ಕಾಕಿಯ ತವರಿಗೆ ಹೋಗುತ್ತಿದ್ದೆವು. ಅಮಾಸಿಯ ದಿನ ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ. ಮಾರನೆಯ ಬೆಳಿಗ್ಗೆ ಕೆರೆ. ಏರಿಯ ಮೇಲಿನ ಜಾಲಿ ಗಿಡದ ಮರೆಯಲ್ಲಿ ಕೌದಿ ಹೊದ್ದು ನಾವು ಕೂರುತ್ತಿದ್ದೆವು. ನೀರಿನ ಮೇಲೆ ಮಂಜು. ಆಚೆ ದಂಡೆ ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತಿತ್ತು. ಮೊದಲು ನೀರಕೋಳಿಗಳ ಸದ್ದು, ಆಮೇಲೆ ಮಂಜಿನೊಳಗಿಂದ ಕಾಲುಗಳು ಬರುತ್ತಿದ್ದವು. ಬರೀ ಕಾಲುಗಳು. ಮೈ ಇನ್ನೂ ಬಂದಿರುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ಆ ಪರದೆಯ ಆಚೆಯ ಸಮುದ್ರ. ಕೊನೆಗೂ ದಾರಿ ಸಿಕ್ಕಿತಲ್ಲ ಎಂದು ನಾನು ಅರ್ಧ ನಿದ್ದೆಯಲ್ಲಿ ಸುಖಪಡುತ್ತಿದ್ದೆ. ಮೈ ಕಂಡು, ಕೋಡು ಕಂಡು, ಕರಿಯ ಗಂಡು ಕತ್ತು ಬಗ್ಗಿಸಿ ನೀರಿಗೆ ಬಾಯಿ ಹಚ್ಚಿ, ನೀರೊಳಗಿನ ಇನ್ನೊಂದು ಕರಿಯ ಗಂಡು ಕೆಳಗಿನಿಂದ ಬಂದು ಅದರ ಬಾಯಿಗೆ ಬಾಯಿ ಹಚ್ಚಿ, ಇನ್ನೇನು ಬೇಕು ಅನ್ನುವಷ್ಟರಲ್ಲಿ ನನ್ನ ಪಕ್ಕದಿಂದ ಬಹಳ ವಿನಯದ ಒಂದು ದನಿ ಹೊರಡುತ್ತಿತ್ತು. ಇಲ್ಲಿ ನೋಡ್ರಿ, ಉಸಿರು ಹಿಡೀರಿ, ಅಲ್ಲಾಡಬ್ಯಾಡ್ರಿ.

ಚಿಗರಿಗಳು ಹುಮನಾಬಾದಿನ ಹೋರಿಯಷ್ಟು ಸಂಭಾವಿತರಲ್ಲ. ಅಂದದ್ದೇ ತಡ, ದಂಡೆ ಖಾಲಿ.

ಸಿದ್ರಾಮ ಮಾಮಾನ ಮುಖ ಆಗ ನೋಡಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಹೊರೆ ಹೊರಿಸುತ್ತಿದ್ದ. ಇವನು ಮನೆಯ ಅಳಿಯ. ಅಳಿಯನ ತಲೆಯ ಮೇಲೆ ಹೊರೆ ಇಡಿಸಿದರೆ ಊರು ಏನೆಂದೀತು? ಹೀಗಾಗಿ ದಂಡ ಮಾಫಿ, ಬೈಗುಳ ಕಾಕಿಗೆ. ಅವಳು ಅದನ್ನು ಬಡ್ಡಿ ಸಮೇತ ಕಾಕಾನಿಗೆ ದಾಟಿಸುತ್ತಿದ್ದಳು. ಬಾಯಿಗೆ ರೂಢಿಯಾಗಿದೆ, ಬೆರಳು ಗುಂಡಿಗೆ ಹೋದರೆ ಬಾಯಿ ತಾನೇ ತೆರೆಯುತ್ತದೆ, ಎಂದು ಕಾಕಾ ತಪ್ಪಿತಸ್ಥ ಮಗುವಿನ ಹಾಗೆ ಹೇಳುತ್ತಿದ್ದ.

ಬಾಯಿ ಕಟ್ಟುವ ಉಪಾಯಗಳನ್ನು ನಾವು ಮಾಡದೆ ಬಿಡಲಿಲ್ಲ. ಒಂದು ವರ್ಷ ಕಾಕಿ ಅವನ ಬಾಯಿಗೆ ದಸ್ತಿ ಕಟ್ಟಿದಳು. ದಸ್ತಿಯೊಳಗಿಂದಲೇ ಮಂತ್ರ ಬಂತು, ಇನ್ನಷ್ಟು ಭಯಂಕರವಾಗಿ. ಇನ್ನೊಂದು ವರ್ಷ ಬಾಯಿ ತುಂಬ ನೀರು ಹಿಡಿದು ಕೂತ. ಆ ಸಲ ಮಂತ್ರದ ಜೊತೆ ನೀರೂ ಹೊರಬಿದ್ದು ಕ್ಯಾಮೆರಾಕ್ಕೆ ಅಭಿಷೇಕವಾಯಿತು. ಎಲೆಯಡಿಕೆ ಹಾಕಿಕೊಂಡ ವರ್ಷದ ಸಂಗತಿ ನಾನು ಬರೆಯುವುದಿಲ್ಲ. ಆ ದಿನ ನಾನು ಹೊಸ ಬಿಳಿ ಸ್ವೆಟರ್ ಹಾಕಿಕೊಂಡು ಅವನ ಮಗ್ಗುಲಿಗೇ ಕೂತಿದ್ದೆ ಎಂದಷ್ಟೇ ಹೇಳಬಲ್ಲೆ.

ಊರಿಗೆ ಬಂದ ಮೇಲೆ ರೀಲು ತೊಳೆಯುವ ಸಂಭ್ರಮ. ಉಗ್ರಾಣದ ಖೋಲಿಯೇ ನಮ್ಮ ಕತ್ತಲಕೋಣೆ. ದೀಪಕ್ಕೆ ಕೆಂಪು ಬಟ್ಟೆ ಸುತ್ತಿರುತ್ತಿತ್ತು. ಆ ಕೆಂಪಿನಲ್ಲಿ ಜೋಳದ ಚೀಲಗಳು, ಉಪ್ಪಿನಕಾಯಿ ಭರಣಿಗಳು, ನಾವು ಮೂವರು, ಎಲ್ಲ ಒಂದೇ ಕನಸಿನೊಳಗೆ ಇದ್ದ ಹಾಗೆ. ತಟ್ಟೆಯ ನೀರಿನೊಳಗಿನ ಬಿಳಿ ಕಾಗದದ ಮೇಲೆ ನೆರಳು ಮೂಡುವುದನ್ನು ಕಾಯುತ್ತಿದ್ದೆವು. ಮೊದಲು ದಂಡೆ ಬರುತ್ತಿತ್ತು. ಆಮೇಲೆ ಧೂಳು. ಆಮೇಲೆ ಬಾಲಗಳು. ಒಂದು ಹಿಂಗಾಲು, ಒಂದು ಬೆನ್ನು, ಚೌಕಟ್ಟಿನ ಆಚೆ ಹಾರಿಹೋಗುತ್ತಿರುವ ಅರ್ಧ ಹೊಟ್ಟೆ. ಕಾಕಿ ಬಗ್ಗಿ ನೋಡಿ, ಈ ಬಾಲದವಳು ಹೋದ ವರ್ಷವೂ ಬಂದಿದ್ದಳು, ಎಂದು ಗುರುತು ಹಿಡಿಯುತ್ತಿದ್ದಳು. ಬೇರೆಯವರು ಬಾಗಿಲಲ್ಲಿ ಬಂದವರ ಮುಖ ನೋಡಿ ನಂಟಸ್ತಿಕೆ ಹೇಳುತ್ತಾರೆ. ಕಾಕಿ ಹೊರಟವರ ಹಿಂಭಾಗ ನೋಡಿ ಹೇಳುತ್ತಿದ್ದಳು. ಪೇಂಟರನಿಗೆ ಮಾತ್ರ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಪರದೆಯ ಆಡುಗಳು ಆರಾಮಾಗಿ ಉಪ್ಪುನೀರು ಕುಡಿಯುತ್ತ ನಿಂತಿದ್ದವು.

ಇಷ್ಟು ಹೇಳಿ ಕಾಕಿಯ ಕೆಲಸ ಹೇಳದೆ ಹೋದರೆ ತಪ್ಪಾದೀತು. ಆಗ ಫೋಟೋ ಅಚ್ಚು ಹಾಕುವ ಮುಂಚೆ ಅದರ ಗಾಜಿನ ನೆಗೆಟಿವಿನ ಮೇಲೆ ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಮುಖದ ಕಲೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು, ಎಲ್ಲ ಆ ಪೆನ್ಸಿಲಿಗೆ ಮಾಯ. ಕಾಕಾನ ಕೈ ನಡುಗುತ್ತಿತ್ತು. ಕಾಕಿಯದು ನಡುಗುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಗಾಜು ಹಿಡಿದು, ಒಂದು ಕಣ್ಣು ಮುಚ್ಚಿ, ಅವಳು ದಿನವಿಡೀ ತಿದ್ದುತ್ತಿದ್ದಳು. ಸಿಡುಬಿನ ಕಲೆಯಿದ್ದ ಎಷ್ಟೋ ಹುಡುಗ ಹುಡುಗಿಯರಿಗೆ ಅವಳ ಕೈಯಿಂದ ಲಗ್ನದ ಫೋಟೋದಲ್ಲಿ ಹೊಸ ಮುಖ ಬಂತು. ನನ್ನ ಮೂಗನ್ನೂ ಸ್ವಲ್ಪ ಸಣ್ಣದು ಮಾಡಿಕೊಡು ಎಂದು ಒಮ್ಮೆ ಬೇಡಿದ್ದೆ. ಅದಕ್ಕೆ ಅಷ್ಟು ದೊಡ್ಡ ಪೆನ್ಸಿಲ್ ತನ್ನ ಹತ್ತಿರ ಇಲ್ಲ ಎಂದಳು.

ನಾನು ಓದು ಮುಗಿಸಿ ಮಾಸ್ತರಿಕೆಯ ಕೆಲಸ ಹಿಡಿದು ಹುಲಸೂರಿಗೆ ಹೋದ ಹೊತ್ತಿಗೆ ಕಾಕಿಯ ಕಣ್ಣು ಕೈಕೊಡಲು ಶುರುವಾಗಿತ್ತು. ಮೊದಮೊದಲು ಪೆನ್ಸಿಲ್ ಗಾಜಿನ ಮೇಲೆ ಜಾಗ ತಪ್ಪಿತು. ಒಬ್ಬ ಮದುಮಗನ ಗಲ್ಲದ ಮೇಲಿನ ಕಲೆ ಹಾಗೇ ಉಳಿದು, ಹಣೆಯ ಮೇಲೆ ಹೊಸದೊಂದು ಹುಟ್ಟಿತು. ಸೊಲ್ಲಾಪುರದ ಡಾಕ್ಟರು ನೋಡಿ, ಹೋದ ಬೆಳಕು ತಿರುಗಿ ಬರುವುದಿಲ್ಲ, ಇರುವುದೂ ನಿಧಾನವಾಗಿ ಹೋಗುತ್ತದೆ ಎಂದರು. ಅವತ್ತು ಬಸ್ಸಿನಲ್ಲಿ ಬರುವಾಗ ಕಾಕಾ ಒಂದೂ ಮಾತಾಡಲಿಲ್ಲವಂತೆ. ಇಷ್ಟು ವರ್ಷ ಕಟ್ಟಲಾಗದ ಬಾಯಿ ಅವತ್ತು ತಾನೇ ಕಟ್ಟಿತ್ತು ಎಂದು ಕಾಕಿ ನಗುತ್ತಲೇ ಹೇಳಿದಳು. ನನಗೆ ನಗಲು ಆಗಲಿಲ್ಲ.

ರಜೆಗೆ ಮನೆಗೆ ಬಂದಾಗ ಒಂದು ವಿಚಿತ್ರ ಕಂಡೆ. ಕಣ್ಣೆದುರಿಗಿಟ್ಟ ತಂಬಿಗೆಯನ್ನು ಕಾಕಿ ಕಾಲಿನಿಂದ ಒದ್ದು ಬೀಳಿಸುತ್ತಿದ್ದಳು. ಆದರೆ ಗೋಡೆಯ ಮೇಲೆ ಹಲ್ಲಿ ಹರಿದರೆ ಅಡುಗೆಮನೆಯ ಆ ಮೂಲೆಯಿಂದಲೇ ಹೇಳುತ್ತಿದ್ದಳು. ಕೇಳಿದ್ದಕ್ಕೆ ಕಾಕಿ ಪಲ್ಯದ ಸೊಪ್ಪು ತಡಕಾಡಿ ಹಿಡಿಯುತ್ತಾ ಹೇಳಿದಳು.

“ನಿಂತದ್ದು ನನಗ ಕಾಣಂಗಿಲ್ಲ ಸರಸೂ. ಓಡಾಡೋದು ಕಾಣ್ತದ. ನೀ ಸುಮ್ಮ ಕೂತ್ರ ನೀನೂ ಒಂದು ಗೋಡೀನೇ.”

ಕಾಕಾ ಹೊಸ್ತಿಲಲ್ಲಿ ಕೂತು ಕ್ಯಾಮೆರಾ ಒರೆಸುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ, ತಲೆ ಎತ್ತಲಿಲ್ಲ.

ಆ ವರ್ಷ ಎಳ್ಳ ಅಮಾಸಿ ಬರುವ ಮುಂಚೆ ಕಾಕಿ ಬಾಯಿಬಿಟ್ಟು ಒಂದು ಕೇಳಿದಳು. ಕಣ್ಣು ಪೂರಾ ಹೋಗುವ ಮೊದಲು ಚಿಗರಿಗಳನ್ನು ಇನ್ನೊಮ್ಮೆ ನೋಡಬೇಕು. ಮುಂದಿನ ಅಮಾಸಿಯತನಕ ತಡೆಯುತ್ತದೆ ಎಂಬ ಭರವಸೆ ಅವಳಿಗಿರಲಿಲ್ಲ. ಕಾಕಾ ಆ ಸಲ ಬಹಳ ತಯಾರಿ ಮಾಡಿದ. ಹೊಸ ರೀಲು ತರಿಸಿದ. ದೊಡ್ಡ ಕಲ್ಲುಸಕ್ಕರೆ ತುಂಡು ಬಾಯಲ್ಲಿಟ್ಟು ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಮೂಕನಾಗಿ ಫೋಟೋ ಹೊಡೆಯುವ ಅಭ್ಯಾಸ ಮಾಡಿದ. ಗಿರಾಕಿಗಳು ಗಾಬರಿಯಾದರು. ಅಪ್ಪಣೆಯಿಲ್ಲದೆ ಉಸಿರು ಯಾವಾಗ ಹಿಡಿಯಬೇಕೆಂದು ತಿಳಿಯದೆ ಕೆಲವರು ಕೊನೆಯತನಕ ಹಿಡಿದೇ ಕೂತರು. ಈ ಸಲ ಫೋಟೋ ಖರೇ ಬರ್ತದ ನೋಡು, ಗೋಡೆಯಷ್ಟು ದೊಡ್ಡದು ಮಾಡಿಸ್ತೀನಿ, ನಿನಗ ಕಾಣುವಷ್ಟು, ಎಂದು ಕಾಕಿಗೆ ಹೇಳುತ್ತಿದ್ದ. ಕಾಕಿ ಹೂಂ ಎನ್ನುತ್ತಿದ್ದಳು. ಗೋಡೆಯಷ್ಟು ದೊಡ್ಡದಾದರೂ ಫೋಟೋ ನಿಂತೇ ಇರುತ್ತದಲ್ಲ ಎಂದು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಬೆಳಿಗ್ಗೆ ಮಂಜು ಎಂದಿಗಿಂತ ದಟ್ಟವಾಗಿತ್ತು. ಸಿದ್ರಾಮ ಮಾಮಾ ತಂಗಿಯ ಕೈಹಿಡಿದು ಏರಿ ಹತ್ತಿಸಿದ. ಜಾಲಿಯ ಮರೆಯಲ್ಲಿ ಕಾಕಾ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಚ್ಚಳ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಕಲ್ಲುಸಕ್ಕರೆ ಬಾಯೊಳಗೆ ಹೋಯಿತು. ಕಾಕಿ ನಮ್ಮಿಬ್ಬರ ನಡುವೆ ಕೌದಿ ಸುತ್ತಿಕೊಂಡು ಕೂತಳು. ಮಾಮಾ ಹಿಂದೆ.

ಕಾಲುಗಳು ಬಂದವು. ಹೊಟ್ಟೆಗಳು ಬಂದವು. ಅಷ್ಟರಲ್ಲಿ ಬಿಸಿಲಿನ ಮೊದಲ ಎಳೆ ಮಂಜಿನೊಳಗೆ ಇಳಿದು, ಮಂಜೆಲ್ಲ ಒಂದು ನಮೂನೆಯ ಹಾಲುಬಂಗಾರವಾಯಿತು. ಹಿಂಡು ದಂಡೆಯುದ್ದಕ್ಕೂ ಸಾಲಾಗಿ ನಿಂತಿತು. ನಡುವೆ ಕರಿಯ ಗಂಡು. ನೀರಿಗೆ ಬಾಯಿ ಹಚ್ಚಲಿಲ್ಲ. ತಲೆ ಎತ್ತಿ, ಕೋಡುಗಳನ್ನು ಬೆನ್ನಿಗೆ ಚೆಲ್ಲಿ, ನಾವಿದ್ದ ದಿಕ್ಕಿಗೇ ಮುಖ ಮಾಡಿ, ಯಾರೋ ಅಲ್ಲಾಡಬ್ಯಾಡ್ರಿ ಎಂದು ಮೊದಲೇ ಹೇಳಿಟ್ಟ ಹಾಗೆ ನಿಂತಿತು. ಮೇಲೊಂದು ಹಿಂಡು, ನೀರೊಳಗೊಂದು ಹಿಂಡು. ಒಂದು ಕಿವಿಯೂ ಮಿಸುಕಲಿಲ್ಲ. ಅಷ್ಟು ವರ್ಷ ಬಂದಿದ್ದೆವು, ಅಂಥದು ಒಮ್ಮೆಯೂ ಕಂಡಿರಲಿಲ್ಲ. ಕಾಕಾ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದ. ಬೆರಳು ಗುಂಡಿಯ ಮೇಲಿತ್ತು. ಬಾಯಿ ಗಟ್ಟಿಯಾಗಿ ಮುಚ್ಚಿತ್ತು.

“ಬಂದಾವೇನು?” ಕಾಕಿ ಉಸಿರಲ್ಲೇ ಕೇಳಿದಳು.

ಬಂದಾವ, ಎಂದೆ. ಗದ್ದ ಹಿಡಿದು ಅವಳ ಮುಖವನ್ನು ಆ ಕಡೆ ತಿರುಗಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಅಗಲ ಮಾಡಿ ನೋಡಿದಳು. ಅವಳ ದೃಷ್ಟಿ ಆ ಕರಿಯ ಗಂಡಿನ ಮೇಲೆ ಹಾಯ್ದು, ನಿಲ್ಲದೆ, ಆಚೆ ಹೋಗಿಬಿಟ್ಟಿತು. ಎರಡನೆಯ ಸಲವೂ ಹಾಗೇ ಹೋಯಿತು.

“ನನಗ ಬರೇ ನೀರು ಕಾಣಾಕತ್ತದ,” ಎಂದಳು. ಗಂಡನ ಕಡೆ ತಿರುಗಿ, “ಇರಲಿ ಬಿಡ್ರಿ. ನೀವು ಫೋಟೋ ಹೊಡ್ಕೋರಿ,” ಎಂದಳು.

ಕಾಕಾ ಕ್ಯಾಮೆರಾದಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಹಿಂಡು ಇನ್ನೂ ನಿಂತೇ ಇತ್ತು. ಕಲ್ಲುಸಕ್ಕರೆಯನ್ನು ಅಂಗೈಗೆ ಉಗುಳಿ ನೆಲಕ್ಕೆ ಹಾಕಿದ. ಜೇಬಿನಿಂದ ಮುಚ್ಚಳ ತೆಗೆದು ಕ್ಯಾಮೆರಾದ ಕಣ್ಣಿಗೆ ಒತ್ತಿದ. ಆಮೇಲೆ ಎದ್ದು ನಿಂತು, ಇಡೀ ಕೆರೆಗೆ ಕೇಳುವ ಹಾಗೆ, ಸ್ಟುಡಿಯೋದ ಅದೇ ವಿನಯದಲ್ಲಿ, ಹೇಳಿದ.

“ಇಲ್ಲಿ ನೋಡ್ರಿ. ಉಸಿರು ಹಿಡೀರಿ. ಅಲ್ಲಾಡಬ್ಯಾಡ್ರಿ.”

ಹಿಂಡು ಹಾರಿತು. ಓಡಿತು ಎಂದರೆ ಸರಿಯಾಗುವುದಿಲ್ಲ, ಹಾರಿತು. ಒಂದರ ಹಿಂದೊಂದು ಆಳೆತ್ತರ ನೆಗೆದು, ಗಾಳಿಯಲ್ಲಿ ಚಣ ನಿಂತು, ನೀರಂಚಿಗೆ ಬಿದ್ದು, ನೀರು ಸಿಡಿಸಿ, ಮತ್ತೆ ನೆಗೆದು, ದಂಡೆಯುದ್ದಕ್ಕೂ ಬೆಳಕಿನೊಳಗೆ ತೇಲಿಕೊಂಡು ಹೋದವು. ಕರಿಯ ಗಂಡು ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಎತ್ತರ. ಕಾಕಿ ಕೌದಿ ಜಾರಿದ್ದು ತಿಳಿಯದೆ ಎದ್ದು ನಿಂತಿದ್ದಳು. ಅವಳ ಕೈ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು.

“ಅಗೋ,” ಎಂದಳು. “ಅಗೋ, ಹೊಂಟ್ವು. ಮರಿ ಅದ ನೋಡು ನಡಬರಕ. ಅಗೋ ಕರೇದು.”

ಅವಳ ಮುಖ ಅವುಗಳ ಜೊತೆಗೇ ತಿರುಗುತ್ತ ತಿರುಗುತ್ತ ಹೋಯಿತು. ಕೊನೆಯದು ಮಡ್ಡಿಯ ಹುಲ್ಲಿನೊಳಗೆ ಸೇರಿ, ಹುಲ್ಲು ಅಲ್ಲಾಡುವುದು ನಿಂತ ಮೇಲೂ ಆ ಕಡೆಗೇ ಇತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಅಷ್ಟು ಸುಖದ ಮುಖವನ್ನು ನಾನು ಆ ಸ್ಟುಡಿಯೋದಿಂದ ಹೊರಬಿದ್ದ ಯಾವ ಫೋಟೋದಲ್ಲೂ ಕಂಡಿಲ್ಲ.

ಸಿದ್ರಾಮ ಮಾಮಾ ಆಗಲೇ ಏರಿ ಇಳಿದು ಹೊರಟಿದ್ದ. ಆ ಸಲ ಅವನು ಕಾಕಿಯನ್ನು ಬೈಯಲೂ ಇಲ್ಲ, ಅಷ್ಟು ಸಿಟ್ಟು. ಅಂಥ ಹೊತ್ತಿನಲ್ಲಿ ಎದ್ದು ನಿಂತು ಅಷ್ಟು ದೊಡ್ಡ ದನಿ ಅವನ ತಂದೆಯ ಕಾಲದಿಂದ ಯಾರೂ ತೆಗೆದಿರಲಿಲ್ಲ. ಕಾಕಾ ಎಂದಿನ ಹಾಗೆ, ಬಾಯಿಗೆ ರೂಢಿಯಾಗಿಬಿಟ್ಟಿದೆ, ಏನು ಮಾಡಲಿ, ಎಂದ. ಆದರೆ ಬೆಳಗಿನ ನ್ಯಾರಿ ತಿಂದಾದ ಮೇಲೆ ಯಾರಿಗೂ ಹೇಳದೆ ಕುಡುಗೋಲು ತೆಗೆದುಕೊಂಡು ಮಾಮಾನ ಹೊಲಕ್ಕೆ ಹೋದ. ಹಸಿ ಮೇವು ಕೊಯ್ದು, ಹೊರೆ ಕಟ್ಟಿ, ಧೋತರದ ಮೇಲೆ ಕೋಟು ಹಾಕಿದ ಹುಮನಾಬಾದಿನ ಅಳಿಯ ತಲೆಯ ಮೇಲೆ ಹೊತ್ತು ಊರ ನಟ್ಟನಡುವೆ ನಡೆದ. ಹೆಂಗಸರು ಬಾಗಿಲಿಗೆ ಬಂದು ನಿಂತರು. ಮಾಮಾ ಓಡಿ ಬಂದು, ಬ್ಯಾಡ್ರಿ, ಮಂದಿ ನೋಡ್ತಾರ, ಎಂದು ಕೈ ಹಾಕಿದರೆ ಕೊಡಲಿಲ್ಲ. ಇಷ್ಟು ವರ್ಷದ ರೂಢಿಗೆ ಒಮ್ಮೆಯೂ ಹೊರದ ಹೊರೆಯನ್ನು ಈ ಸಲ ಯಾಕೆ ಹೊತ್ತ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಮುಚ್ಚಳ ಹಾಕಿದ್ದನ್ನು ನಾನು ನೋಡಿದ್ದೆ. ಆ ಗುಟ್ಟು ಲೋಕದಲ್ಲಿ ನನಗೂ ಕಾಕಾನಿಗೂ ಬಿಟ್ಟರೆ ಮತ್ತೊಬ್ಬರಿಗಿಲ್ಲ ಎಂದು ಬಹಳ ವರ್ಷ ಬೀಗಿಕೊಂಡು ತಿರುಗಿದೆ.

ಪರದೆಯ ಮೇಲಿನ ಆಡುಗಳು ಹಾಗೇ ಉಳಿದವು. ಆಮೇಲೆ ಬಣ್ಣದ ಫೋಟೋಗಳ ಕಾಲ ಬಂತು. ಗಿರಾಕಿಗಳು ಬೇರೆ ಸಮುದ್ರಗಳನ್ನು ಹುಡುಕಿಕೊಂಡು ಬೇರೆ ಸ್ಟುಡಿಯೋಗಳಿಗೆ ಹೋದರು. ಎಂಬತ್ತರ ದಶಕದಲ್ಲಿ ಕಾಕಾ ತೀರಿಹೋದ. ಅಷ್ಟರಲ್ಲಿ ಕಾಕಿಗೆ ಓಡುವುದೂ ಕಾಣುತ್ತಿರಲಿಲ್ಲ. ಅವಳನ್ನು ನನ್ನ ಮನೆಗೆ ಕರೆದುಕೊಂಡು ಬರುವ ಮುಂಚೆ ಸ್ಟುಡಿಯೋ ಖಾಲಿ ಮಾಡುತ್ತಿದ್ದೆವು. ನಾನು ಒಂದೊಂದೇ ಸಾಮಾನು ಅವಳ ಕೈಗೆ ಕೊಡುತ್ತಿದ್ದೆ. ಅವಳು ಸವರಿ ನೋಡಿ ಇದು ಇರಲಿ, ಇದು ಬೇಡ, ಎನ್ನುತ್ತಿದ್ದಳು. ಉದ್ದ ಮೂತಿಯ ಕ್ಯಾಮೆರಾ ಬಂತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಮುಚ್ಚಳ ಹುಡುಕಿ ತೆಗೆದಳು. ಮತ್ತೆ ಒತ್ತಿದಳು. ಟಪ್ ಎಂದಿತು. ಕಿವಿ ವಾಲಿಸಿ ಕೇಳಿ, ಇನ್ನೊಮ್ಮೆ ತೆಗೆದು ಇನ್ನೊಮ್ಮೆ ಒತ್ತಿದಳು. ಕ್ಯಾಮೆರಾ ಯಾರಿಗಾದರೂ ಕೊಟ್ಟುಬಿಡು, ಇದನ್ನು ನೀನಿಟ್ಟುಕೋ, ಎಂದು ಮುಚ್ಚಳವನ್ನು ನನ್ನ ಅಂಗೈಗೆ ಹಾಕಿದಳು.

ಇದೊಂದೇ ಯಾಕ ಕಾಕಿ, ಎಂದೆ.

“ಅವತ್ತ ಕೆರೀ ದಂಡ್ಯಾಗ ಇದರ ಸಪ್ಪಳ ನನಗ ಕೇಳಿತ್ತು ಸರಸೂ,” ಎಂದಳು. “ಕಟಕ್ ಅನ್ನಲಿಲ್ಲ, ಟಪ್ ಅಂತು. ಮೊದ್ಲ ಮುಚ್ಚಳ ಹಾಕಿದ್ರು, ಆಮ್ಯಾಲ ಬಾಯಿ ತೆಗದ್ರು.”

ಮತ್ತೆ ಇಷ್ಟು ವರ್ಷ ಅವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳ ಕೈ ಮುಂದಿನ ಸಾಮಾನಿಗಾಗಿ ಆಗಲೇ ಚಾಚಿತ್ತು.

“ಅವರು ರೂಢಿ ಅಂದ್ರು,” ಎಂದಳು ಕಾಕಿ. “ನಾನೂ ಹೌದ್ರಿ ಅಂದೆ.”